ಪ್ರಭಾರ ಅಧಿಕಾರಿ

ಶಾಲೆಯಲ್ಲಿ ಮೇಷ್ಟರಾಗಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

"ತಾಲ್ಲೂಕಿನ ಶಿಕ್ಷಣಾಧಿಕಾರಿ ಹುದ್ದೆಗೆ ಪರೀಕ್ಷೆ ಕರೆದಿದ್ದಾರೆ. ಬರೆಯಲೇ ಗುರುಗಳೇ? ಸಂಬಳ ಹೆಚ್ಚು, ಜೀಪು ಕೊಡುತ್ತಾರೆ, ಮುಂದೆ ಜಿಲ್ಲೆಯವರೆಗೂ ಏರಬಹುದು ಎನ್ನುತ್ತಾರೆ. ನಿಜವಾಗಿ ಆ ಹುದ್ದೆಯಲ್ಲಿ ಏನಿದೆ?"

ಗುರುಗಳು ಹೇಳಿದರು:

ಒಬ್ಬ ಹೆಡ್ ಮಾಸ್ಟರ್ ಇದ್ದ. ಲೆಕ್ಕ ಚೆನ್ನಾಗಿ ಕಲಿಸುತ್ತಿದ್ದ. ತಾಲ್ಲೂಕಿನ ಶಿಕ್ಷಣಾಧಿಕಾರಿಯ ಕುರ್ಚಿ ಖಾಲಿಯಾದಾಗ ಅವನನ್ನು ತಂದು ಅಲ್ಲಿ ಕೂರಿಸಿದರು. ಹೆಸರಿಗೆ ಪ್ರಭಾರ ಅಧಿಕಾರಿ. ಅಂದರೆ ಕೆಲಸ ಅಧಿಕಾರಿಯದು, ಸಂಬಳ ಹೆಡ್ ಮಾಸ್ಟರದು, ಬೈಗುಳ ಇಬ್ಬರದೂ. ಖಾಯಂ ಯಾವಾಗ ಎಂದು ಕೇಳಿದರೆ ಮೇಲಿನವರು, "ಹತ್ತನೇ ತರಗತಿ ಫಲಿತಾಂಶ ಬರಲಿ, ನೋಡೋಣ" ಎಂದರು.

ಅವನು ಕೆಟ್ಟವನಲ್ಲ. ಜೀಪಿಗೆ ಡೀಸೆಲ್ ಇಲ್ಲದ ದಿನ ಬಸ್ಸು ಹತ್ತಿ ಶಾಲೆಗಳಿಗೆ ಹೋದ. ಮಕ್ಕಳ ಪಕ್ಕ ನೆಲದ ಮೇಲೆ ಕೂತು ಲೆಕ್ಕ ಹೇಳಿಕೊಟ್ಟ. ಮೇಷ್ಟರುಗಳು ಅವನನ್ನು ಮೇಲಿನವರ ಚೇಲಾ ಎಂದರು. ಮೇಲಿನವರು ಮೇಷ್ಟರುಗಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾನೆ ಎಂದರು.

ಆ ಜಿಲ್ಲೆಯ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಫಲಿತಾಂಶದಲ್ಲಿ ಕೊನೆಗೆ ಬಂದ ತಾಲ್ಲೂಕಿನ ಅಧಿಕಾರಿ ಸಭೆ ಮುಗಿಯುವವರೆಗೆ ನಿಂತಿರಬೇಕು. ಮೊದಲ ವರ್ಷ ಅವನು ನಿಂತ. ತಲೆ ನರೆತ ಮನುಷ್ಯ. ಉಳಿದ ಅಧಿಕಾರಿಗಳು ಅವನ ಮುಖ ನೋಡದೆ ಬಿಸ್ಕತ್ತು ತಿನ್ನುತ್ತಾ ಕೂತಿದ್ದರು.

ಆ ವಾರ ಒಂದು ಶಾಲೆಯ ಹೆಡ್ ಮಾಸ್ಟರ್ ಅವನ ಬಳಿ ಬಂದು ಹೇಳಿದ: "ಸಾರ್, ನೀವು ಹೀಗೇ ಒಳ್ಳೆಯವರಾಗಿದ್ರೆ ಪ್ರತಿ ಸಲ ನಿಲ್ಲೋದೇ. ದಡ್ಡ ಮಕ್ಕಳಿಗೆ ಒಂಬತ್ತರಲ್ಲೇ ಟಿ.ಸಿ. ಕೊಟ್ಟು ಕಳಿಸಿಬಿಡೋಣ. ಆಮೇಲೆ ಹತ್ತನೇದು ಬರೆಯೋರೆಲ್ಲ ಪಾಸೇ. ನೀವು ಹೂಂ ಅನ್ನೋದೂ ಬೇಡ. ಸುಮ್ಮನಿರಿ, ಸಾಕು."

ಅವನು ಸುಮ್ಮನಿದ್ದ.

ತಾಲ್ಲೂಕಿನ ಶಾಲೆಗಳೆಲ್ಲ ಹಾಗೇ ಮಾಡಿದವು. ಮುಂದಿನ ಫಲಿತಾಂಶದಲ್ಲಿ ತಾಲ್ಲೂಕು ಮೇಲಕ್ಕೆ ಬಂತು. ಖಾಯಂ ಮಾಡುವ ಆದೇಶ ಸಿದ್ಧವಾಗಿದೆ, ಸಭೆಯಲ್ಲೇ ಕೈಗೆ ಕೊಡುತ್ತೇವೆ ಎಂದು ಮೇಲಿನಿಂದ ಹೇಳಿ ಕಳಿಸಿದರು.

ಸಭೆಗೆ ಹೊರಟ ಬೆಳಗ್ಗೆ, ಗಾರ್ಮೆಂಟ್ಸ್ ವ್ಯಾನಿಗೆ ಕಾಯುತ್ತಿದ್ದ ಒಬ್ಬ ಹುಡುಗಿ ಅವನಿಗೆ ಕೈ ಮುಗಿದಳು.

"ಸಾ, ನಾನು ಮಾದೇವಿ. ನೀವು ನಮ್ ಸ್ಕೂಲಿಗೆ ಬಂದಾಗ ನನ್ನ ಪಕ್ಕ ಕೂತು ಭಾಗಾಕಾರ ಹೇಳ್ಕೊಟ್ಟಿದ್ರಿ."

"ಸ್ಕೂಲಿಗೆ ಹೋಗ್ತಾ ಇಲ್ವೇನಮ್ಮ?"

"ಹೆಡ್ ಮಾಸ್ಟ್ರು ಬೇರೆ ಸ್ಕೂಲಿಗೆ ಹೋಗು ಅಂದ್ರು ಸಾ. ಆ ಸ್ಕೂಲ್ನೋರು ಇನ್ನೊಂದಕ್ಕೆ ಹೋಗು ಅಂದ್ರು. ಅಷ್ಟೊತ್ತಿಗೆ ನಮ್ಮೂರಿಗೆ ಈ ವ್ಯಾನು ಬರಕ್ಕೆ ಶುರುವಾಯ್ತು." ಅವಳಿಗೆ ಅವನ ಮೇಲೆ ಕೋಪ ಇರಲಿಲ್ಲ. "ಭಾಗಾಕಾರ ಇನ್ನೂ ಬತ್ತದೆ ಸಾ" ಎಂದಳು.

ಸಭೆಯಲ್ಲಿ ಅವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಈ ಸಲ ಬೇರೆ ತಾಲ್ಲೂಕಿನ ಅಧಿಕಾರಿಯನ್ನು ನಿಲ್ಲಿಸಿದರು. ಮಂಡಿನೋವಿನ ಹೆಂಗಸು, ಮೇಜು ಹಿಡಿದು ನಿಂತಳು. ಅವನೂ ಎದ್ದು ನಿಂತ.

"ನೀವ್ಯಾಕ್ರೀ ನಿಂತ್ರಿ? ನಿಮ್ಮ ತಾಲ್ಲೂಕು ಚೆನ್ನಾಗಿದೆಯಲ್ಲ" ಎಂದು ಮೇಲಧಿಕಾರಿ ನಕ್ಕ.

"ಫೇಲಾಗೋ ಮಕ್ಕಳನ್ನ ಪರೀಕ್ಷೆಗೆ ಮೊದಲೇ ಓಡಿಸಿದ್ದೀವಿ ಸಾರ್, ಅದಕ್ಕೇ ಚೆನ್ನಾಗಿದೆ. ಅವರನ್ನ ವಾಪಸ್ ಕರ್ಕೊಂಡು ಬರ್ತೀನಿ. ಮುಂದಿನ ಸಲ ನಾವೇ ಕೊನೆಗೆ ಬರ್ತೀವಿ. ಇಲ್ಲಿ ಕೂತಿರೋರಲ್ಲಿ ಯಾರು ಹೀಗೆ ಮಾಡಿಲ್ವೋ ಅವರು ಹೇಳ್ಲಿ."

ಯಾರೂ ಹೇಳಲಿಲ್ಲ. ಯಾರೂ ಏಳಲೂ ಇಲ್ಲ.

ಆದೇಶ ಅವನ ಕೈಗೆ ಬರಲಿಲ್ಲ. ವಾರದೊಳಗೆ ಅವನನ್ನು ಒಂದು ಹಳ್ಳಿ ಶಾಲೆಗೆ ಹೆಡ್ ಮಾಸ್ಟರಾಗಿ ವಾಪಸ್ ಕಳಿಸಿದರು. ಅವನು ಮಾದೇವಿಯನ್ನು ಹುಡುಕಿ ತಂದು ಅಲ್ಲಿಗೆ ಸೇರಿಸಿಕೊಂಡ. ಅವಳೊಬ್ಬಳನ್ನು. ಉಳಿದ ಮಕ್ಕಳ ತನಕ ಅವನ ಕೈ ಎಟುಕಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

"ಹಾಗಾದರೆ ನಾನು ಬರೆಯುವುದು ಬೇಡ" ಎಂದ ಶಿಷ್ಯ. "ಎದ್ದು ನಿಂತಿದ್ದಕ್ಕೆ ಪಾಪ ಅವನ ಹುದ್ದೆಯೇ ಹೋಯಿತಲ್ಲ."

"ಬರೆ; ಅದು ಹೋದದ್ದು ಉಳಿದವರು ಕೂತೇ ಇದ್ದದ್ದಕ್ಕೆ" ಎಂದರು ಗುರುಗಳು.