ಬಡಗಿ ಕಟ್ಟಿದ ಮದುವೆ ಕೇಕು

"ಗುರುಗಳೇ, ಹೆದರಿಕೆಯೂ ಪ್ರೀತಿಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಅವನಿಗೆ ಮಗಳು ಹುಟ್ಟಿ ಕೆಲವು ತಿಂಗಳಾಗಿತ್ತು. ಮಗು ನಿದ್ದೆ ಹೋದರೆ ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದ. ಮಗು ಎಚ್ಚರಗೊಂಡು ಅತ್ತರೆ ಅವನಿಗೆ ಸಮಾಧಾನ. ಅದನ್ನು ಮತ್ತೆ ಮಲಗಿಸುವಷ್ಟರಲ್ಲಿ ಹೆಂಡತಿಗೆ ಸಾಕುಸಾಕಾಗುತ್ತಿತ್ತು. ಅವಳು ಬೈದಳೆಂದು ಅವನು ಗುರುಗಳಲ್ಲಿಗೆ ಬಂದಿದ್ದ. ತನ್ನ ಪರವಾಗಿ ಒಂದು ಮಾತು ಸಿಕ್ಕೀತೆಂದು ಅವನ ಆಸೆ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಊರಿನ ಕ್ರೈಸ್ತರ ಕೇರಿಯಲ್ಲಿ ಒಬ್ಬ ಬಡಗಿ ಇದ್ದ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಉಬ್ಬಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಅವನು ಮಾಡಿದ ಮಂಚ ಎಷ್ಟು ವರ್ಷವಾದರೂ ಕಿರುಗುಟ್ಟುತ್ತಿರಲಿಲ್ಲ. ಒಂದು ಮೊಳೆ ಸಾಕಾದ ಕಡೆ ಎರಡು ಹೊಡೆಯುವವನು ಎಂದು ಜನ ನಗುತ್ತಿದ್ದರು. ನಗುತ್ತಲೇ ಅವನಿಗೇ ಕೆಲಸ ಕೊಡುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಲಿಡಿಯಾ. ಪಕ್ಕದ ಊರಿನ ಒಬ್ಬ ಮಾಸ್ತರನ ಜೊತೆ ಅವಳ ಮದುವೆ ಗೊತ್ತಾಯಿತು. ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳಿದರು. ಎಲ್ಲರೂ ಹೇಳಿದ್ದರಿಂದ ಬಡಗಿಗೆ ಇನ್ನಷ್ಟು ಅನುಮಾನವಾಯಿತು.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಕೇಕು ಹೆಣ್ಣಿನ ಮನೆಯಲ್ಲೇ ಆಗಬೇಕು. ಅಂಗಡಿಯಿಂದ ತರುವಂತಿಲ್ಲ. ಒಂದರ ಮೇಲೊಂದು ಮೂರು ಅಂತಸ್ತು. ಚರ್ಚಿನಿಂದ ಬಂದ ಮೇಲೆ ಮದುಮಕ್ಕಳಿಬ್ಬರೂ ಒಂದೇ ಚಾಕು ಹಿಡಿದು ಅದನ್ನು ಕತ್ತರಿಸಬೇಕು. ಅದಕ್ಕೆ ಮೊದಲೇ ಕೇಕು ಕುಸಿದರೆ ಜನ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹಾಗೆ ನೋಡಿಕೊಂಡದ್ದನ್ನು ಬಡಗಿ ಒಮ್ಮೆ ಕಂಡಿದ್ದ. ಅವನಿಗಿನ್ನೂ ಮೀಸೆ ಬಂದಿರಲಿಲ್ಲ. ಅಕ್ಕನ ಮದುವೆ. ಕಡು ಬೇಸಿಗೆ. ಎಲ್ಲರೂ ನೋಡುತ್ತಿರುವಂತೆಯೇ ಕೇಕಿನ ಮೇಲಿನ ಅಂತಸ್ತು ಮೆಲ್ಲಗೆ ವಾಲಿತು, ಜಾರಿತು, ಅಕ್ಕನ ಸೀರೆಯ ಮೇಲೆ ಬಿತ್ತು. ವರ್ಷ ತುಂಬುವ ಮೊದಲೇ ಅಕ್ಕ ಟ್ರಂಕು ಹಿಡಿದುಕೊಂಡು ತವರಿಗೆ ಬಂದಳು. ಮತ್ತೆ ಹೋಗಲಿಲ್ಲ. ಈಗ ತಮ್ಮನ ಮನೆಯಲ್ಲಿದ್ದು ಬಟ್ಟೆ ಹೊಲಿಯುತ್ತಿದ್ದಳು. ಆ ಹೊಲಿಗೆ ಯಂತ್ರದ ಸದ್ದು ಕೇಳಿದಾಗಲೆಲ್ಲ ಬಡಗಿಗೆ ಆ ಕೇಕು ಜಾರಿದ್ದು ಕಣ್ಣಿಗೆ ಕಟ್ಟುತ್ತಿತ್ತು.

ಮಗಳ ಕೇಕು ಬೀಳಕೂಡದು. ಬಿದ್ದರೆ ಮಗಳೂ ಟ್ರಂಕು ಹಿಡಿದು ಬರುತ್ತಾಳೆ. ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಬೇಯಿಸುವ ಕೆಲಸ ಹೆಂಡತಿಯದು. ಅವಳು ಒಣದ್ರಾಕ್ಷಿ, ಗೋಡಂಬಿ, ಸಕ್ಕರೆ ಹಾಕಿದ ಕುಂಬಳದ ತುಂಡುಗಳನ್ನು ಕಿತ್ತಳೆ ರಸದಲ್ಲಿ ನೆನೆಹಾಕಿದಳು. ಸಕ್ಕರೆಯನ್ನು ಕಪ್ಪಾಗುವವರೆಗೆ ಸುಟ್ಟು ಬಣ್ಣ ತಂದಳು. ದೊಡ್ಡ ಪಾತ್ರೆಯಲ್ಲಿ ಮರಳು ಹಾಸಿ, ಅದರೊಳಗೆ ಹಿಟ್ಟಿನ ಡಬ್ಬಿ ಇಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸಿದಳು. ಬೆಂದ ವಾಸನೆ ಬೀದಿಯ ಕೊನೆಯವರೆಗೆ ಹೋಯಿತು. ದಾರಿಯಲ್ಲಿ ಹೋಗುವವರು ನಿಂತು, "ಏನ್ರೀ, ನಾಳೆಯೇ ಮದುವೆನಾ?" ಎಂದು ಕೇಳಿ ಹೋದರು. ಬಡಗಿಗೆ ಮಾತ್ರ ವಾಸನೆ ಹತ್ತಲಿಲ್ಲ. ಅವನು ಬೆಂದ ಅಂತಸ್ತನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದ. ಮೆತ್ತಗಿತ್ತು.

"ಇಷ್ಟು ಮೆತ್ತಗಿದ್ದರೆ ಮೇಲಿನ ಭಾರ ಹೇಗೆ ತಡೆಯುತ್ತೆ?" ಎಂದ.

"ಮೆತ್ತಗಿಲ್ಲದೆ ಮತ್ತೇನು, ಹಲಗೆಯ ಹಾಗೆ ಇರಬೇಕಾ?" ಎಂದಳು ಹೆಂಡತಿ. "ಕೆಳಗಿನದಕ್ಕೆ ನಾಲ್ಕು ಬಿದಿರು ಕಡ್ಡಿ ನೆಟ್ಟಗೆ ಚುಚ್ಚಿ, ಮೇಲಿನದನ್ನು ಇಟ್ಟರಾಯಿತು. ನಮ್ಮಮ್ಮ ಹಾಗೇ ಮಾಡುತ್ತಿದ್ದಳು. ಕತ್ತರಿಸುವಾಗ ಕಡ್ಡಿ ಎಲ್ಲಿದೆ ಅಂತ ಗೊತ್ತಿರಬೇಕು, ಅಷ್ಟೇ."

ಬಿದಿರು ಎಂದ ಕೂಡಲೇ ಬಡಗಿಗೆ ಜೀವ ಬಂದಂತಾಯಿತು. ಅದು ಅವನ ಕೈಗೆ ಗೊತ್ತಿದ್ದ ವಸ್ತು. ಕಡ್ಡಿಗಳನ್ನು ಸೀಳಿದ, ಹೆರೆದ, ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ. ನಾಲ್ಕನ್ನು ಚುಚ್ಚಿದ. ಮೇಲೆ ಕೈಯಿಟ್ಟು ಅಲುಗಿಸಿ ನೋಡಿದ. ಗಟ್ಟಿಯಾಗಿಯೇ ಇತ್ತು. ಆದರೂ ನಡುವೆ ಇನ್ನೊಂದು ಇರಲಿ ಎನಿಸಿತು. ನಡುವಿಗೆ ಕೊಟ್ಟ ಮೇಲೆ ಅಂಚು ಸಡಿಲ ಎನಿಸಿತು. ಅಂಚಿಗೆ ಕೊಟ್ಟ. ಓರೆಯಾಗಿ ಎರಡು ಕೊಟ್ಟರೆ ವಾಲುವುದಿಲ್ಲ ಎಂದು ಓರೆಯಾಗಿಯೂ ಕೊಟ್ಟ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ರೀ, ನೀವು ಕೇಕು ಮಾಡುತ್ತಿದ್ದೀರೋ, ಕಪಾಟು ಮಾಡುತ್ತಿದ್ದೀರೋ? ಇದಕ್ಕೊಂದು ಚಿಲಕ ಹಾಕುವುದು ಬಾಕಿ."

ಒಳಗಿನಿಂದ ಹೊಲಿಗೆ ಯಂತ್ರ ನಿಂತಿತು. ಅಕ್ಕ ಬಾಗಿಲಿಗೆ ಬಂದಳು. ಆ ಹಳೆಯ ಕೇಕಿನ ಮಾತನ್ನು ಅವಳೆದುರು ಯಾರೂ ಎತ್ತುತ್ತಿರಲಿಲ್ಲ. ಅವಳೇ ಎತ್ತಿದಳು.

"ನೋಡು ತಮ್ಮ, ಕೇಕು ಬಿತ್ತೂಂತ ನಾನು ವಾಪಸ್ಸು ಬರಲಿಲ್ಲ. ಆ ಮನುಷ್ಯ ಹೊಡೆಯುತ್ತಿದ್ದ, ಅದಕ್ಕೆ ಬಂದೆ. ಕೇಕು ಪಾಪ ಯಾರಿಗೂ ಹೊಡೆಯಲಿಲ್ಲ."

ಈ ಮಾತಿನಿಂದ ಬಡಗಿಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಹಾಗಾದರೆ ಈ ಹುಡುಗನೂ ಹೊಡೆದರೆ? ಆ ಪ್ರಶ್ನೆಗೆ ಅವನ ಕೈಯಲ್ಲಿ ಉಪಾಯವಿರಲಿಲ್ಲ. ಕೇಕಿಗೆ ಇತ್ತು. ಅವನು ಹೊರಗೆ ಹೋಗಿ ಇನ್ನಷ್ಟು ಬಿದಿರು ಸೀಳಿದ.

ಹೆಂಡತಿ ಸಕ್ಕರೆ ಪುಡಿ, ಮೊಟ್ಟೆಯ ಬಿಳಿ ಕಡೆದು ಕೇಕಿಗೆ ಬೆಳ್ಳಗೆ ಐಸಿಂಗು ಬಳಿದಳು. ಅದರ ಮೇಲೆ ಸಕ್ಕರೆಯಲ್ಲೇ ಮಲ್ಲಿಗೆ ಮೊಗ್ಗು, ಎಲೆ, ಬಳ್ಳಿ. ನೋಡಿದವರು ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಕಡ್ಡಿ ಇಲ್ಲದ ಜಾಗವನ್ನು ಹೆಂಡತಿ ಮಗಳಿಗೆ ತೋರಿಸಿಕೊಟ್ಟಳು. "ಈ ಎರಡು ಎಲೆಗಳ ನಡುವೆ ಚಾಕು ಇಡು. ಸಲೀಸಾಗಿ ಇಳಿಯುತ್ತೆ."

ಮದುವೆಯ ಬೆಳಿಗ್ಗೆ ಹೆಂಗಸರೆಲ್ಲ ಮದುಮಗಳಿಗೆ ಹೂ ಮುಡಿಸುವುದರಲ್ಲಿದ್ದರು. ಒಳಗೆ ನಗು ಕೇಳುತ್ತಿತ್ತು. ಬಡಗಿ ಹೊಸ ಅಂಗಿ ತೊಟ್ಟು ಕೇಕಿನ ಮುಂದೆ ಒಬ್ಬನೇ ನಿಂತಿದ್ದ. ಬಿಸಿಲು ಏರುತ್ತಿತ್ತು. ಮೇಲಿನ ಅಂತಸ್ತು ಕೂದಲೆಳೆಯಷ್ಟು ವಾಲಿದೆ ಎನಿಸಿತು. ಕಣ್ಣುಜ್ಜಿ ನೋಡಿದ. ನೆಟ್ಟಗಿತ್ತು. ಒಂದು ಕಣ್ಣು ಮುಚ್ಚಿ ನೋಡಿದ. ವಾಲಿತ್ತು. ಜೇಬಿನಲ್ಲಿ ಕಡ್ಡಿಗಳಿದ್ದವು. ಇರಲಿ ಎಂದು ಇಟ್ಟುಕೊಂಡಿದ್ದ. ಒಂದೊಂದಾಗಿ ಐಸಿಂಗಿನ ಮೂಲಕವೇ ಒಳಕ್ಕೆ ಒತ್ತಿದ. ಮೇಲೆ ಮೂಡಿದ ರಂಧ್ರಗಳನ್ನು ಹೆಬ್ಬೆರಳಿನಿಂದ ಸವರಿ ಮುಚ್ಚಿದ. ಎಲೆಗಳ ನಡುವೆಯೂ ಒತ್ತಿದ. ಅಲ್ಲಿ ಮಾತ್ರ ಖಾಲಿ ಇತ್ತಲ್ಲ!

ಚರ್ಚಿನಲ್ಲಿ ಅಯ್ಯನವರು ಕೇಳಿದ್ದಕ್ಕೆ ಮಗಳು ಏನೆಂದು ಉತ್ತರ ಕೊಟ್ಟಳೋ ಬಡಗಿಗೆ ಕೇಳಿಸಲಿಲ್ಲ. ಮೇಜಿನ ಕಾಲಿಗೆ ಯಾರಾದರೂ ಎಡವಿದರೆ ಎಂದು ಅವನು ಯೋಚಿಸುತ್ತಿದ್ದ.

ಮನೆಗೆ ಬಂದಾಗ ಚಪ್ಪರದಡಿ ಕೇಕು ನಿಂತಿತ್ತು. ಅಷ್ಟು ಜನ ಸುತ್ತ ಸೇರಿದರೂ, ಮೇಜಿಗೆ ಒಂದೆರಡು ಸಲ ಮೈ ತಾಗಿದರೂ ಅಲುಗಲಿಲ್ಲ. ಬಡಗಿ ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಸರಿಯಾಗಿ ಉಸಿರೆಳೆದ.

ಲಿಡಿಯಾ ಎರಡು ಎಲೆಗಳ ನಡುವೆ ಚಾಕು ಇಟ್ಟಳು. ಮದುಮಗ ಅವಳ ಕೈಮೇಲೆ ಕೈ ಇಟ್ಟ. ಚಾಕು ಸ್ವಲ್ಪ ಇಳಿದು ನಿಂತುಬಿಟ್ಟಿತು. ಇಬ್ಬರೂ ಒತ್ತಿದರು. ಇಳಿಯಲಿಲ್ಲ.

"ಮಾಸ್ತರೇ, ಬರೀ ಸೀಮೆಸುಣ್ಣ ಹಿಡಿದ ಕೈ!" ಎಂದು ಯಾರೋ ಛೇಡಿಸಿದರು. ಜನ ನಕ್ಕರು. ಮದುಮಗನೂ ನಕ್ಕು, ತೋಳು ಬಿಗಿಹಿಡಿದು ಬಲವಾಗಿ ಒತ್ತಿದ.

ಒಳಗೆ ಚಟ್ ಎಂದಿತು. ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳಿಸಲಿಲ್ಲ. ಬಡಗಿಗೆ ಕೇಳಿಸಿತು. ಒಣಗಿದ ಬಿದಿರು ಮುರಿದರೆ ಹೇಗೆ ಮುರಿಯುತ್ತದೆಂದು ಅವನಿಗೆ ಗೊತ್ತು. ನೇರವಾಗಿ ತುಂಡಾಗುವುದಿಲ್ಲ. ಸೂಜಿಯಂಥ ಸಿಬಿರು ಸಿಬಿರಾಗಿ ಸೀಳುತ್ತದೆ.

ಮಗಳು ಕೇಕಿನ ತುಂಡು ಕಿತ್ತು ಮದುಮಗನ ಬಾಯಿಯ ಹತ್ತಿರ ಹಿಡಿದಿದ್ದಳು. ಅವನು ಬಾಯಿ ತೆರೆದಿದ್ದ.

"ಬೇಡ! ತಿನ್ನಬೇಡ! ಯಾರೂ ತಿನ್ನಬೇಡಿ!" ಎಂದು ಬಡಗಿ ಕೂಗಿದ.

ಚಪ್ಪರ ತಟಕ್ಕನೆ ನಿಶ್ಶಬ್ದವಾಯಿತು. ಮದುಮಗನ ಬಾಯಿ ತೆರೆದೇ ಇತ್ತು. ಆ ನಿಶ್ಶಬ್ದದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಡಗಿ ಜನರನ್ನು ತಳ್ಳಿಕೊಂಡು ಬಂದ. ಎರಡೂ ಕೈಗಳನ್ನು ಕೇಕಿನೊಳಗೆ ತೂರಿಸಿದ. ಒಂದು ಕಡ್ಡಿ ಎಳೆದ. ಇನ್ನೊಂದು ಎಳೆದ. ಐಸಿಂಗು ಚಕ್ಕೆಚಕ್ಕೆಯಾಗಿ ಉದುರಿತು. ಮೇಲಿನ ಅಂತಸ್ತು ವಾಲಿ ಅವನ ತೋಳಿನ ಮೇಲೆ ಕುಸಿಯಿತು. ಅವನು ಬಿಡಲಿಲ್ಲ, ಇನ್ನೊಂದು ಎಳೆದ. ಬೀಳಬಾರದೆಂದು ಕಟ್ಟಿದ್ದನ್ನು ಅಷ್ಟೂ ಜನರೆದುರು ತಾನೇ ಕೆಡವುತ್ತಿದ್ದೇನೆಂದು ಅವನಿಗೆ ತಿಳಿಯುತ್ತಲೇ ಇತ್ತು. ಕೈ ಮಾತ್ರ ನಿಲ್ಲಲಿಲ್ಲ.

ಲಿಡಿಯಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಪಕ್ಕದಲ್ಲಿ ಬಂದು ನಿಂತಳು. ತಾನೂ ಕೈ ಹಾಕಿದಳು.

"ಅಪ್ಪಾ, ಒಟ್ಟು ಎಷ್ಟು ಚುಚ್ಚಿದ್ದೀರಿ?"

"ಗೊತ್ತಿಲ್ಲಮ್ಮ" ಎಂದ ಬಡಗಿ. "ನಿಜವಾಗಿಯೂ ಗೊತ್ತಿಲ್ಲ."

ಮಗಳಿಗೆ ಯಾಕೋ ನಗು ಬಂತು. ಮದುಮಗ ಅಂಗಿಯ ತೋಳು ಮಡಚಿ ತಾನೂ ಬಂದ. ಅಕ್ಕ ಬಂದಳು. ಹೆಂಡತಿ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ ಒಂದು ಮೊರ ತಂದಳು. ಎಲ್ಲರೂ ಸೇರಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಕೇಕನ್ನು ಪುಡಿಮಾಡಿ ಸಿಬಿರು ಆರಿಸಿದರು. ಜನರಿಗೆ ಚೂರುಗಳನ್ನೇ ಬಾಳೆ ಎಲೆಯ ಮೇಲೆ ಹಂಚಿದರು. ಮೊದಲು ಅನುಮಾನಿಸಿದ ಕೈಗಳು ಎರಡನೆಯ ಸಲ ತಾವಾಗಿ ಮುಂದೆ ಬಂದವು. ಸ್ವಲ್ಪ ಹೊತ್ತಿನಲ್ಲಿ ಚಪ್ಪರದಲ್ಲಿ ಮತ್ತೆ ಗದ್ದಲ ಎದ್ದಿತು.

ಬಡಗಿ ಮಾತ್ರ ತಿನ್ನುವವರ ಬಾಯಿಗಳನ್ನೇ ನೋಡುತ್ತಿದ್ದ. ಮದುಮಗನ ಅಜ್ಜಿ ಕೆಮ್ಮಿದಳು. ಅವನು ಓಡಿ ಹೋಗಿ ಅವಳ ಕೈಯಿಂದ ಎಲೆ ಕಸಿದುಕೊಂಡ.

"ಏನಪ್ಪಾ ಬೀಗಾ, ಹಲ್ಲಿಲ್ಲದವಳಿಗೆ ಸಿಕ್ಕಿದ್ದೇ ಇದೊಂದು. ಇದನ್ನೂ ತಿನ್ನೋಕೆ ಬಿಡಲ್ವಾ?" ಎಂದು ಅಜ್ಜಿ ಎಲೆಯನ್ನು ವಾಪಸ್ಸು ಎಳೆದುಕೊಂಡಳು. ಅವಳ ಗಂಟಲಿಗೆ ಸಿಕ್ಕಿದ್ದು ದ್ರಾಕ್ಷಿ.

ಮಗಳು ಒಂದು ಚೂರು ತಂದು ಅಪ್ಪನ ಬಾಯಿಗೆ ಇಟ್ಟಳು. ಅವನು ಅದನ್ನು ಅಂಗೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ಹಿಸುಕಿ ಸಿಬಿರು ಹುಡುಕಿದ. ಸಿಗಲಿಲ್ಲ. ಇಲ್ಲವೆಂಬ ನಂಬಿಕೆಯೂ ಬರಲಿಲ್ಲ. ಕೆಳಗಿಟ್ಟ. ಮಗಳು ಏನೋ ಹೇಳಿದಳು. ಆಗಲೇ ಅವನ ಕಣ್ಣು ಇನ್ನೊಬ್ಬರ ಬಾಯಿಯ ಮೇಲಿತ್ತು.

ಸಂಜೆ ಮಗಳನ್ನು ಕಳಿಸಿಕೊಟ್ಟರು. ಗಾಡಿ ಹೊರಟಿತು. ಹಿಂದಿನ ಚಕ್ರ ಅಲುಗಾಡುತ್ತಿದೆಯೇ ಎಂದು ಬಡಗಿ ಬಗ್ಗಿ ನೋಡುತ್ತಲೇ ಬೀದಿಯ ತಿರುವಿನವರೆಗೆ ಹಿಂದೆ ನಡೆದ. ಚಕ್ರ ಸರಿಯಾಗಿಯೇ ಇತ್ತು. ಮಗಳು ಕಿಟಕಿಯಿಂದ ಕೈ ಬೀಸಿದ್ದನ್ನು ಉಳಿದವರೆಲ್ಲ ನೋಡಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮುಂದಕ್ಕೆ ಬಾಗಿ ಕೂತಿದ್ದ. ಅವನ ಎರಡೂ ಕೈಗಳು ಮುಷ್ಟಿ ಕಟ್ಟಿದ್ದವು.

"ಆಮೇಲೇನಾಯಿತು, ಗುರುಗಳೇ? ಆ ಹುಡುಗ ಅವಳನ್ನು ಚೆನ್ನಾಗಿ ನೋಡಿಕೊಂಡನೇ? ಅವಳು ವಾಪಸ್ಸು ಬರಲಿಲ್ಲ ತಾನೇ?"

ಗುರುಗಳು ಹೇಳಿದರು: "ಕೇಕು ರುಚಿಯಾಗಿತ್ತೇ ಎಂದು ನೀನೂ ಕೇಳಲಿಲ್ಲ."