ಒಡೆಯರಿಗೆ ಒಪ್ಪಿಸಿದ ಬಿರುದು

ಹಾಲುಗುಂಡಿಯ ಕೆರೆ ಏರಿಯ ಕೆಳಗೆ ಹಿಂದೆ ಒಂದು ಸುಂಕದ ಕಟ್ಟೆಯಿತ್ತು. ಅದರ ಪಾಳುಮಂಟಪವೇ ಶ್ರೀ ನಿಜಾನಂದ ಅವಧೂತರ ಆಶ್ರಮ. ಹಗಲೆಲ್ಲ ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಾ ಕುಳಿತಿರುತ್ತಿದ್ದರು. ಸುತ್ತಿನ ಹಳ್ಳಿಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಊಟಕ್ಕೆ ಎಲೆ ಅಲ್ಲಿಂದಲೇ ಹೋಗುತ್ತಿತ್ತು. ಜನ ಅವರನ್ನು ತಾತ ಎಂದು ಕರೆಯುತ್ತಿದ್ದರು. ಅವರನ್ನು ಕಣ್ಣಾರೆ ಕಂಡ ಹಿರಿಯರು ಈಗಲೂ ಆ ಕಾಲವನ್ನು ನೆನೆದು ಕೈಮುಗಿಯುತ್ತಾರೆ.

ಒಂದು ವರ್ಷ ಭಕ್ತರೆಲ್ಲ ಸೇರಿ ತಾತನವರ ಜಯಂತಿಯನ್ನು ವೈಭವದಿಂದ ನಡೆಸಬೇಕೆಂದು ನಿಶ್ಚಯಿಸಿದರು. ಬಿರುದಾವಳಿ ಹೇಳಲು ಭಟ್ರಾಜು ನರಸರಾಜು ಅವರನ್ನು ಕರೆಸಿದರು. ಜಮೀನ್ದಾರರು, ಜಟ್ಟಿಗಳು, ನಾಟಕದ ರಾಜಾಪಾರ್ಟುಗಳು, ಯಾರೇ ಸಭೆಗೆ ಬಂದರೂ ಮುಂದೆ ನಿಂತು ಅವರ ಬಿರುದುಗಳನ್ನು ಸಾರುವುದು ನರಸರಾಜುವಿನ ಮನೆತನದ ವೃತ್ತಿ. ಅವರ ಕಂಠಕ್ಕೆ ಚಪ್ಪರದ ತೋರಣ ಅದುರುತ್ತದೆಂದು ಪ್ರತೀತಿ. ಆದರೆ ಅವರ ಮನಸ್ಸಿನಲ್ಲಿ ಭಕ್ತಿ ಉಳಿದಿರಲಿಲ್ಲ. ಹೊಗಳಿಕೆ ಬೇಡವೆಂದು ಕೈಯಾಡಿಸುತ್ತಲೇ ಕಿವಿ ನಿಮಿರಿಸಿ ಕೇಳುವ ಸ್ವಾಮಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು.

ಹೊಗಳಬೇಕಾದವರನ್ನು ಮೊದಲೇ ಒಮ್ಮೆ ನೋಡುವುದು ಅವರ ಪದ್ಧತಿ. ಜಯಂತಿಗೆ ಇನ್ನೂ ಕೆಲವು ದಿನ ಇರುವಾಗಲೇ ಮಂಟಪಕ್ಕೆ ಬಂದರು. ತಾತನವರು ಪಕ್ಕದಲ್ಲಿ ಕೂರಿಸಿಕೊಂಡು, ಒಂದಿಷ್ಟು ಎಲೆ, ಕಡ್ಡಿ ಕೈಗಿತ್ತರು. ನರಸರಾಜು ಎಲೆ ಹಚ್ಚುತ್ತಲೇ, ಸಭೆಯಲ್ಲಿ ಹೇಳಲಿರುವುದನ್ನು ಒಮ್ಮೆ ಕೇಳಿಸಲೇ ಎಂದು ವಿಚಾರಿಸಿದರು. ತಾತನವರು ಬೇಡವೆನ್ನಲಿಲ್ಲ.

"ಭಕ್ತಜನ ಹೃದಯಕಮಲ ಮಾರ್ತಾಂಡ, ಅಜ್ಞಾನತಿಮಿರ ಭಾಸ್ಕರ, ಅನಾಥರಕ್ಷಕ, ಕರುಣಾಸಮುದ್ರ..."

ಕೊನೆಯವರೆಗೂ ತಾತನವರು ಕಣ್ಣುಮುಚ್ಚಿ ಕೇಳಿದರು. ಸಂಗೀತ ಕೇಳಿದವರ ಹಾಗೆ ತಲೆದೂಗಿದರು.

"ಎಷ್ಟು ಚೆನ್ನಾಗಿ ಹೇಳ್ತೀಯಪ್ಪ! ಕರುಣಾಸಮುದ್ರ ಅಂದೆಯಲ್ಲ, ಅಂಥವರನ್ನ ನೀನು ಎಲ್ಲಿ ಕಂಡೆ?"

ನರಸರಾಜು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು. ಆ ಮಾತನ್ನು ಎಷ್ಟೋ ಪ್ರಭುಗಳಿಗೆ ತೊಡಿಸಿದ್ದರು. ಅವರಲ್ಲಿ ಒಬ್ಬರ ಮುಖವೂ ಈಗ ಕಣ್ಣಿಗೆ ಕಟ್ಟಲಿಲ್ಲ. ಕಂಡದ್ದು ಹೆಂಡತಿ ತುಳಸಮ್ಮನ ಮುಖ.

ಕೆಲವು ವರ್ಷಗಳ ಹಿಂದೆ ಅವರು ಜಮೀನ್ದಾರರ ಮನೆ ಮದುವೆಗೆ ಹೋಗಿದ್ದಾಗ, ಹಾಲು ಕುಡಿಯುವ ಮಗಳು ಜ್ವರದಿಂದ ತೀರಿಕೊಂಡಿದ್ದಳು. ಹೊದಿಸಿದ ಶಾಲಿನೊಂದಿಗೆ ಊರಿಗೆ ಮರಳಿದರೆ, ತೊಟ್ಟಿಲಲ್ಲಿ ಬೇರೊಂದು ಕೂಸು! ಕೆರೆ ಕೆಲಸಕ್ಕೆ ಬಂದು ಹೆರಿಗೆಯಲ್ಲಿ ಸತ್ತ ಕೂಲಿಯವಳ ತಬ್ಬಲಿ. ತನ್ನ ಮಗಳನ್ನು ಮಣ್ಣು ಮಾಡಿದ ತಾಯಿ, ಎದೆಹಾಲನ್ನು ಆ ಕೂಸಿಗೆ ಉಣಿಸುತ್ತಿದ್ದಳು. ಯಾವ ಜಾತಿಯದೋ ಏನೋ ಎಂದು ನರಸರಾಜು ಬಾಯಿಗೆ ಬಂದಂತೆ ಬೈದರು. ತುಳಸಮ್ಮ ಕೂಸನ್ನೆತ್ತಿಕೊಂಡು ಅಣ್ಣನ ಮನೆಗೆ ಹೊರಟುಹೋದಳು. ಕರೆಯಲು ಇವರು ಹೋಗಲಿಲ್ಲ.

ಇದನ್ನೆಲ್ಲ ಅವರು ತಡೆತಡೆದು ಹೇಳಿ ಮುಗಿಸುವವರೆಗೆ ತಾತನವರ ಕೈ ಎಲೆಯ ಮೇಲೆ ಆಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು:

"ಅವಳ ಸೊತ್ತನ್ನ ತಂದು ನನ್ನ ಮೈಮೇಲೆ ಯಾಕಪ್ಪ ಹೇರ್ತೀಯ? ಹೋಗು, ಒಡೆಯರಿಗೆ ಒಪ್ಪಿಸು."

ನರಸರಾಜು ಅಲ್ಲಿಂದಲೇ ಹೊರಟರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸಿದರು. ಹೆಂಡತಿಯ ಅಣ್ಣನ ಮನೆಯ ಅಂಗಳ ಮುಟ್ಟಿದಾಗ ತುಳಸಮ್ಮ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ಚೆಲ್ಲಿದ ಕಾಳು ಆಯುತ್ತಿದ್ದಳು. ನರಸರಾಜು ಪೇಟ ತೆಗೆದು ಕೈಯಲ್ಲಿ ಹಿಡಿದು ನಿಂತರು. ಚಪ್ಪರ ಅದುರಿಸುವ ಕಂಠದಿಂದ ಹೊರಟದ್ದು ಪಿಸುಮಾತು.

"ತುಳಸಿ, ಮಗೂಗೆ ಏನು ಹೆಸರಿಟ್ಟೆ?"

ತುಳಸಮ್ಮ ಕೇರುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಹೊನ್ನಮ್ಮ," ಅಂದಳು. ಮೊರ ಕೆಳಗಿಟ್ಟು, ಕಾಲಿಗೆ ನೀರು ತರಲು ಒಳಗೆ ಹೋದಳು.

ಜಯಂತಿಯ ದಿನ ಮೂವರೂ ಹಾಲುಗುಂಡಿಗೆ ಬಂದರು. ಬಿರುದಾವಳಿಗೆಂದು ಜನ ಕಾದೇ ಕಾದರು. ನರಸರಾಜು ತಾತನವರಿಗೆ ಉದ್ದಂಡ ನಮಸ್ಕಾರ ಮಾಡಿ, ಎದ್ದು ಪಂಕ್ತಿಗೆ ಎಲೆ ಹಾಕತೊಡಗಿದರು. ಭಕ್ತರು ಮುನಿಸಿಕೊಂಡರು, ತಾತನವರು ಮಾತ್ರ ಹೊನ್ನಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದರು.

ಆಮೇಲೆ ನರಸರಾಜು ದೊಡ್ಡವರ ಸಭೆಗಳಿಗೆ ಹೋಗಲಿಲ್ಲ. ತಲೆತಲಾಂತರದ ವಿದ್ಯೆಯನ್ನು ಬಿಡಲೂ ಇಲ್ಲ. ಆ ಸೀಮೆಯಲ್ಲಿ ಸೂಲಗಿತ್ತಿಯೋ, ದನ ಕಾಯುವವನೋ, ಬಾವಿ ತೋಡುವವನೋ ತೀರಿಕೊಂಡರೆ, ಕರೆಯದಿದ್ದರೂ ಹೋಗುತ್ತಿದ್ದರು. ಹೆಣದ ಮುಂದೆ ಪೇಟ ತೆಗೆದು ನಿಂತು, ಆ ಜೀವ ಯಾರಿಗೆ ಏನು ಮಾಡಿತ್ತು ಎಂಬುದನ್ನು ತುಂಬುಕಂಠದಿಂದ ಸಾರುತ್ತಿದ್ದರು. ಕೇಳುತ್ತ ನಿಂತ ಮಕ್ಕಳಿಗೆ, ತಮ್ಮ ತಂದೆತಾಯಿ ಎಂಥವರಾಗಿದ್ದರೆಂಬುದು ಆಗ ತಿಳಿಯುತ್ತಿತ್ತು.