ಎರಡು ಗಡಿಯಾರ, ಒಂದೇ ಖಾನೆ

ಕೊಳಕು ಕೋಡ್ ಕಂಡರೆ ಇಂದುಧರನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ತಯಾರಿಸುವ ಕಂಪನಿಯೊಂದರಲ್ಲಿ ನೆಟ್‌ವರ್ಕ್ ಭಾಗ ಅವನ ಪಾಲಿಗಿತ್ತು. ಕಂಪ್ಯೂಟರಿಗೆ ಬರುವ ಪ್ರತಿ ಸಂದೇಶದ ಮೇಲೂ ಅದು ಬಂದ ಹೊತ್ತನ್ನು ಗುರುತು ಹಾಕುವ ಕೋಡ್ ಎಂಟು ಕಡೆ ಚೆದುರಿತ್ತು. ಸಾಲದ್ದಕ್ಕೆ ಒಂದೇ ಸಂದೇಶಕ್ಕೆ ಎರಡು ಖಾನೆ, ಎರಡು ಹೊತ್ತು.

“ಯಾವ ತಲೆಕೆಟ್ಟವರು ಬರೆದದ್ದೋ,” ಎಂದು ಹಲ್ಲು ಕಡಿದ. ಬರೆದ ವಿಲಾಸಿನಿ ಮೇಡಂ ಪಕ್ಕದ ಕೋಣೆಯಲ್ಲೇ ಇದ್ದರು. ಎದ್ದು ಹೋಗಿ ಕೇಳಲು ಸಿಟ್ಟು ಬಿಡಲಿಲ್ಲ. ಎಂಟು ಕಡೆಯದನ್ನು ಒಂದೆಡೆ ತಂದ. ಎರಡು ಖಾನೆಯನ್ನೂ ಒಂದು ಮಾಡಿದ. ಪರೀಕ್ಷೆಗಳೆಲ್ಲ ಪಾಸಾದವು, ಹೊಸ ಕೋಡ್ ಊರೂರಿಗೆ ಹೋಯಿತು.

ತಿಂಗಳೊಳಗೆ, ಅದೇ ಸಿಸ್ಟಮ್ ಬಳಸುವ ಒಂದು ವಿದ್ಯುತ್ ಉಪಕೇಂದ್ರದಿಂದ, ದಾಖಲೆ ಸರಿಯೇ ಎಂದು ಕೇಳಿ ಪತ್ರ ಬಂತು. ‘ಕಂಬದಿಂದ ಎಲ್ಲರೂ ಇಳಿದರು’ ಎಂಬ ಸಂದೇಶ ಬರುವ ಎರಡು ಸೆಕೆಂಡ್ ಮೊದಲೇ ಆಪರೇಟರ್ ದಾಕ್ಷಾಯಿಣಿ ಕರೆಂಟ್ ಬಿಟ್ಟಳೆಂದು ದಾಖಲೆ ಹೇಳುತ್ತಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಆದರೂ ಅವಳನ್ನು ಅಮಾನತು ಮಾಡಿದ್ದರು.

ಇಂದುಧರ ಅವಳಿಗೇ ಫೋನ್ ಮಾಡಿದ. “ದಾಖಲೆ ಸುಳ್ಳು ಹೇಳಲ್ಲಮ್ಮ.”

“ಹದಿನಾರು ವರ್ಷದಿಂದ ಆ ಸ್ವಿಚ್ ಮುಂದೆ ಕೂತಿದ್ದೀನಿ ಸಾರ್,” ಎಂದಳು ದಾಕ್ಷಾಯಿಣಿ. “ಕಂಬದ ಮೇಲೆ ನಮ್ಮವರು ಇರ್ತಾರೆ. ಇಳಿದ್ರು ಅಂತ ಗೊತ್ತಾಗದೆ ನಾನು ಕೈ ಇಟ್ಟವಳಲ್ಲ. ನಿಮ್ಮ ಪೆಟ್ಟಿಗೆ ನನ್ನನ್ನ ಕೊಲೆಗಾರ್ತಿ ಮಾಡ್ತಿದೆ. ಮೊದಲು ಅದನ್ನ ನೋಡಿ, ಆಮೇಲೆ ಮಾತಾಡಿ.”

ಅವನು ದಡದಡ ನಡೆದು ಪಕ್ಕದ ಕೋಣೆಗೆ ಹೋದ. “ಎರಡು ಖಾನೆ ಯಾಕಿಟ್ಟಿದ್ರಿ?”

“ಒಂದು ಕಂಪ್ಯೂಟರಿನ ಗಡಿಯಾರದ್ದು, ಇನ್ನೊಂದು ಸಂದೇಶ ಹಿಡಿಯುವ ನೆಟ್‌ವರ್ಕ್ ಕಾರ್ಡಿನ ಗಡಿಯಾರದ್ದು,” ಎಂದರು ವಿಲಾಸಿನಿ. “ಕಾರ್ಡಿನದು ಕೆಲವು ಕಡೆ ಮುಂದೆ ಓಡುತ್ತೆ. ಬೆರೆಸಿದ್ರೆ ಸಂದೇಶಕ್ಕೆ ಕಾರ್ಡಿನ ಹೊತ್ತು, ಸ್ವಿಚ್ ಒತ್ತಿದ್ದಕ್ಕೆ ಕಂಪ್ಯೂಟರಿನ ಹೊತ್ತು ಬಿದ್ದು, ಮೊದಲಾದದ್ದು ಆಮೇಲೆ ಆಯ್ತು ಅನ್ನಿಸುತ್ತೆ. ಕಾರಣ ಬರೆದಿಡದೆ ಹೋದದ್ದು ನನ್ನ ತಪ್ಪು. ನೀನು ಒಂದು ಮಾತು ಕೇಳಬಹುದಿತ್ತಲ್ಲ?”

ಇಷ್ಟು ದಿನ ಬೇರೆಯವರ ಮೇಲಿದ್ದ ಇಂದುಧರನ ಸಿಟ್ಟೆಲ್ಲ ಅವನ ಮೇಲೇ ತಿರುಗಿತು.

ಮ್ಯಾನೇಜರ್ ಕರೆದು, “ಸದ್ದಿಲ್ಲದೆ ಸರಿಮಾಡಿ ಕಳಿಸು, ಕಂಪನಿ ಹೆಸರು ಹಾಳಾಗ್ತದೆ,” ಎಂದರು.

“ಆ ಆಪರೇಟರ್ ಹೆಸರು ಹಾಳಾದದ್ದು ಸದ್ದಿಲ್ಲದೆ ಅಲ್ಲ ಸಾರ್,” ಎಂದ ಇಂದುಧರ. ಅಂದೇ ಉಪಕೇಂದ್ರದ ವಿಚಾರಣಾಧಿಕಾರಿಗೆ ಪತ್ರ ಬರೆದು, ತಪ್ಪು ತನ್ನದೆಂದು ಸಹಿ ಹಾಕಿದ.

ದಾಕ್ಷಾಯಿಣಿಗೆ ಕೆಲಸ ಮರಳಿ ಸಿಕ್ಕಿತು. ಇಂದುಧರ ಕ್ಷಮೆ ಕೇಳಲು ಫೋನ್ ಮಾಡಿದಾಗ ಅವಳು ಹೇಳಿದ್ದಿಷ್ಟು: “ಲೈನ್‌ಮ್ಯಾನ್‌ಗಳ ಹೆಂಡತಿಯರು ಹದಿನೆಂಟು ದಿನ ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಅದನ್ನ ನೀವು ತಿದ್ದೋಕಾಗಲ್ಲ.”

ನೀತಿ: ಇನ್ನೊಬ್ಬರು ಮಾಡಿದ್ದನ್ನು ಅಳಿಸುವ ಮೊದಲು, ಹಾಗೇಕೆ ಮಾಡಿದರೆಂದು ಕೇಳಿ. ಸಿಟ್ಟಿನಿಂದ ತಿದ್ದುವವನು ಒಬ್ಬ. ಅದರ ನೋವು ಉಣ್ಣುವವರು, ಅವನು ಮುಖವನ್ನೇ ಕಾಣದ ಬೇರೆ ಯಾರೋ.